ಹದ ಮಳೆಗೆ ಎದ್ದು ಬರುವ ಪತಂಗ

ನಮಸ್ಕಾರ. ದೀಪದ ಕಂಬಕ್ಕೆ ಅಂಟಿ ಕುಳಿತ ಈ ಪತಂಗವನ್ನು ನೋಡಿ. ಮುಂದಿನ ರೆಕ್ಕೆ ಕಂದು, ಅದರ ಮೇಲೆ ಬಿಳಿ ಗೀರುಗಳು, ಅಂಚಿಗೆ ಹಳದಿ ಪಟ್ಟಿ. ಸ್ವಲ್ಪ ಕೆಣಕಿದರೆ ಹಿಂದಿನ ರೆಕ್ಕೆ ಕಾಣುತ್ತದೆ: ಬಿಳಿಯ ಮೇಲೆ ಕಪ್ಪು ಚುಕ್ಕಿಗಳು. ಟೈಗರ್ ಪತಂಗಗಳ ಬಳಗದ ಇದರ ಶಾಸ್ತ್ರೀಯ ಹೆಸರು ಆಮ್ಸಾಕ್ಟಾ ಆಲ್ಬಿಸ್ಟ್ರೈಗಾ. ನನಗಂತೂ ಚೆಲುವೆ ಎನಿಸುತ್ತಾಳೆ. ಆದರೆ ಚಳ್ಳಕೆರೆ, ಪಾವಗಡದ ಕಡೆಯ ಶೇಂಗಾ ಹೊಲದಲ್ಲಿ ನಿಂತು ಈ ಮಾತನ್ನು ಗಟ್ಟಿಯಾಗಿ ಹೇಳುವ ಧೈರ್ಯ ನನಗಿಲ್ಲ. ಕೆಂಪು ಕಂಬಳಿಹುಳುವಿನ ತಾಯಿ ಇವಳೇ.

ವರ್ಷದ ಹತ್ತು ತಿಂಗಳು ಈ ಜೀವಿ ಮಣ್ಣಿನೊಳಗೆ ಕೋಶವಾಗಿ, ಅಂದರೆ ಹುಳು ಪತಂಗವಾಗುವ ನಡುವಿನ ಹಂತದಲ್ಲಿ, ಬಿದ್ದಿರುತ್ತದೆ. ಬದುವಿನ ಮಗ್ಗುಲು, ಮರದ ನೆರಳು ಅದಕ್ಕೆ ಇಷ್ಟ. ಮುಂಗಾರಿನ ಹದ ಮಳೆ ಬಿದ್ದು ನೆಲ ನೆನೆಯಿತೋ, ಕೆಲವೇ ದಿನಗಳಲ್ಲಿ ಮುಸ್ಸಂಜೆ ಹೊತ್ತಿಗೆ ಪತಂಗಗಳು ಹಿಂಡುಹಿಂಡಾಗಿ ಹೊರಬೀಳುತ್ತವೆ. ರೈತ ಬಿತ್ತನೆಗೆ ಕಾಯುವುದೂ ಅದೇ ಮಳೆಗೆ! ಹೀಗಾಗಿ ಎಳೆಯ ಪೈರು ಮತ್ತು ಮೊಟ್ಟೆ ಹೆಚ್ಚುಕಡಿಮೆ ಒಟ್ಟಿಗೇ ಹೊಲಕ್ಕೆ ಬರುತ್ತವೆ.

ಒಂದೊಂದು ಹೆಣ್ಣು ಎಲೆಯಡಿ ನೂರಾರು ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಈ ಎಲೆಯನ್ನು ಮಗುಚಿ ನೋಡಿ: ಮರಿಗಳು ಒತ್ತೊತ್ತಾಗಿ ಕುಳಿತು ಹಸಿರನ್ನು ಕೆರೆದು ತಿಂದಿವೆ, ಉಳಿದಿರುವುದು ಕಾಗದದಂಥ ತೆಳು ಪೊರೆ. ಈ ಹಂತದಲ್ಲಿ ಎಲೆ ಸಮೇತ ಕಿತ್ತು ನಾಶಮಾಡಿದರೆ ಒಂದು ಸಂಸಾರವೇ ಮುಗಿಯಿತು. ಬೆಳೆದ ಮೇಲೆ ಆ ಮಾತಿಲ್ಲ. ಸುಮಾರು ಐದು ಸೆಂಟಿಮೀಟರ್ ಉದ್ದ, ಮೈತುಂಬ ಕೆಂಗಂದು ಕೂದಲು. ಒಂದು ಹೊಲವನ್ನು ಬರಿದು ಮಾಡಿ ದಂಡೆತ್ತಿ ಪಕ್ಕದ ಹೊಲಕ್ಕೆ ನಡೆಯುತ್ತವೆ. ಆಗ ದುಬಾರಿ ಔಷಧಿ ಸುರಿಯುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಬಲಿತ ಹುಳು ಅದಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಅದಕ್ಕಿಂತ ಹೊಲದ ಸುತ್ತ ಒಂದಡಿ ಆಳದ, ನೆಟ್ಟನೆಯ ಗೋಡೆಯ ಕಾಲುವೆ ತೋಡುವುದು ಮೇಲು. ದಾಟಲು ಬಂದವು ಅದರೊಳಗೆ ಬೀಳುತ್ತವೆ. ಬದುವಿನ ಮೇಲೆ ಎಕ್ಕದ ಟೊಂಗೆಗಳನ್ನು ಹಾಕಿದರೂ ಅಲ್ಲಿ ಬಂದು ಸೇರುತ್ತವೆ, ಆರಿಸಿ ತೆಗೆಯಬಹುದು.

ಇದಕ್ಕೂ ಮೊದಲಿನ ಅವಕಾಶ ಮಳೆಯ ನಂತರದ ಆ ಕೆಲವು ರಾತ್ರಿಗಳು. ಪತಂಗ ಬೆಳಕಿಗೆ ಮರುಳಾಗುತ್ತದೆ. ಹೊಲದ ಬದಿಯಲ್ಲಿ ಬೆಂಕಿ ಹಾಕಿದರೆ, ದೀಪದ ಬಲೆ ಇಟ್ಟರೆ ಬಂದು ಬೀಳುತ್ತದೆ. ಒಬ್ಬರೇ ಹಾಕಿದರೆ ಸಾಲದು, ಊರಿಗೆ ಊರೇ ಅದೇ ರಾತ್ರಿ ಹಾಕಬೇಕು. ರೆಕ್ಕೆಗೆ ಬದುವಿನ ಲೆಕ್ಕ ಗೊತ್ತಿಲ್ಲವಲ್ಲ.

ಬೇಸಿಗೆಯ ಆಳ ಉಳುಮೆಯಲ್ಲಿ ಕೋಶಗಳು ಮೇಲೆ ಬಂದಾಗ ನೇಗಿಲ ಹಿಂದೆಯೇ ಬೆಳ್ಳಕ್ಕಿಗಳು ಸಾಲುಗಟ್ಟುತ್ತವೆ. ಅದನ್ನು ಉಳುಮೆ ಶುರುವಾದಾಗ ಚಿತ್ರೀಕರಿಸಿ ಹಾಕುತ್ತೇನೆ.