ಗಾಯ ಆದ ದಿನದ ಕಾಗದ

ನಿವೃತ್ತ ಸೈನಿಕರಿಗೂ ಅವರ ಮನೆಯವರಿಗೂ, ಎಲ್ಲರಿಗೂ ನಮಸ್ಕಾರ. ಸೇವೆಯಲ್ಲಿ ಗಾಯ ಆದವರ ಪೆನ್ಷನ್ ಬಗ್ಗೆ ಇವತ್ತು ಮಾತಾಡೋಣ. ಜಾಲಹಳ್ಳಿಯವರು ಇದ್ದೀರಿ, ಹಲಸೂರಿನವರು ಇದ್ದೀರಿ, ದೇವನಹಳ್ಳಿ ಕಡೆಯಿಂದ ಬೆಳಗ್ಗೆ ಎದ್ದು ಬಸ್ಸು ಹತ್ತಿ ಬಂದವರೂ ಇದ್ದೀರಿ. ಹೆಣ್ಣುಮಕ್ಕಳು ಜಾಸ್ತಿ ಬಂದಿದ್ದಾರೆ, ಅದು ನನಗೆ ದೊಡ್ಡ ಸಮಾಧಾನ. ಯಾಕೆ ಅಂತ ಮಾತಾಡ್ತಾ ಗೊತ್ತಾಗುತ್ತದೆ.

ನಾನು ವಕೀಲನಲ್ಲ, ಡಾಕ್ಟರೂ ಅಲ್ಲ. ಸೈನ್ಯದಲ್ಲಿ 22 ವರ್ಷ ಕ್ಲರ್ಕ್ ಆಗಿದ್ದೆ. ರಜೆ ಚೀಟಿ, ಪಾರ್ಟ್ ಟು ಆರ್ಡರ್, ಗಾಯದ ರಿಪೋರ್ಟು, ಎಲ್ಲ ಟೈಪ್ ಮಾಡಿದವನು. ಅವಸರದಲ್ಲಿ ಎಷ್ಟೋ ರಿಪೋರ್ಟುಗಳಲ್ಲಿ ‘ಡ್ಯೂಟಿಯಲ್ಲಿದ್ದಾಗ ಪೆಟ್ಟಾಯಿತು’ ಅಂತಷ್ಟೇ ಟೈಪ್ ಮಾಡಿದ್ದೇನೆ. ಯಾವ ಕಾರ್ಯಾಚರಣೆ, ಯಾವ ಜಾಗ, ಏನು ಸಿಡಿಯಿತು, ಅದನ್ನು ಬರೆದಿರಲಿಲ್ಲ. ಆ ಒಂದು ಸಾಲಿಗೆ ಎಷ್ಟು ಬೆಲೆ ಅಂತ ಗೊತ್ತಾಗಿದ್ದು ನಿವೃತ್ತಿಯಾಗಿ ಊರಿಗೆ ಬಂದ ಮೇಲೆ. ಇವತ್ತು ನಿಮ್ಮ ಮುಂದೆ ನಿಂತಿರುವುದೂ ಅದಕ್ಕೇ.

ನಮ್ಮ ಬೀದಿಯಲ್ಲಿ ಒಬ್ಬ ಹವಾಲ್ದಾರರಿದ್ದಾರೆ. ಹೆಸರು ಬೇಡ. ಜಮ್ಮು-ಕಾಶ್ಮೀರದಲ್ಲಿ ಗಸ್ತಿಗೆ ಹೊರಟಾಗ ಅವರ ಮುಂದಿನ ಗಾಡಿಯ ಕೆಳಗೆ ಹುದುಗಿಸಿಟ್ಟ ಬಾಂಬು, ಐಇಡಿ, ಸಿಡಿಯಿತು. ಇವರಿಗೆ ಮೈಮೇಲೆ ಒಂದು ಗೀರೂ ಇಲ್ಲ, ಕಿವಿಯಲ್ಲಿ ಮಾತ್ರ ರಕ್ತ. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಡ್ಯೂಟಿಗೆ ವಾಪಸ್ ಬಂದರು. ಎಷ್ಟೋ ವರ್ಷ ಆದಮೇಲೆ, ಸೇವೆ ಮುಗಿಯುವಾಗ ಮನೆಗೆ ಕಳಿಸುವ ಮುಂಚಿನ ಡಾಕ್ಟರುಗಳ ತಪಾಸಣೆ, ರಿಲೀಸ್ ಮೆಡಿಕಲ್ ಬೋರ್ಡ್, ನಡೆಯಿತು. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಅರೆಬರೆ. 30 ಪರ್ಸೆಂಟ್ ನ್ಯೂನತೆ ಅಂತ ಬರೆದರು. ಅದರ ಪಕ್ಕದಲ್ಲೇ, ಇದು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಅಂತಲೂ ಬರೆದರು. ಯಾಕೆ? ಫೈಲಿನಲ್ಲಿ ಗಾಯದ ರಿಪೋರ್ಟೇ ಇರಲಿಲ್ಲ. ಇವರು ಕೆಳಗೆ ಸಹಿ ಹಾಕಿ ಬಂದರು. ಮನೆಗೆ ಹೋಗುವ ಖುಷಿಯಲ್ಲಿ ಯಾರು ಓದುತ್ತಾರೆ, ಅಲ್ವಾ?

ಹೋದ ವರ್ಷ ಅವರ ಹೆಂಡತಿ, ನಾನು ಅಕ್ಕ ಅನ್ನುವವರು, ನನ್ನನ್ನು ಕರೆದರು. ‘ಅಣ್ಣಾ, ಒಂದು ಸಲ ಈ ಟ್ರಂಕು ನೋಡಿ’ ಅಂದರು. ನಿಮಗೆಲ್ಲ ಗೊತ್ತಿರುವ ಟ್ರಂಕೇ. ಕಪ್ಪು ಬಣ್ಣ, ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ರ‍್ಯಾಂಕು, ಹೆಸರು. ಒಳಗೆ ಮಡಿಸಿದ ಯೂನಿಫಾರ್ಮು, ನುಸಿಗುಳಿಗೆಯ ವಾಸನೆ. ತಳದಲ್ಲಿ ಒಂದು ಬಿಸ್ಕತ್ತಿನ ಡಬ್ಬ. ಡಬ್ಬದಲ್ಲಿ ಅವರು ತಾಯಿಗೆ ಬರೆದಿದ್ದ ಇನ್‌ಲ್ಯಾಂಡ್ ಪತ್ರಗಳು. ಒಂದರಲ್ಲಿ, ‘ಅವ್ವಾ, ಏನೂ ಆಗಿಲ್ಲ, ಕಿವಿಯೊಳಗೆ ಮಾತ್ರ ರಾತ್ರಿಯೆಲ್ಲ ಜೀರುಂಡೆ ಕೂಗಿದ ಹಾಗೆ ಆಗ್ತದೆ’ ಅಂತ ಬರೆದಿದ್ದರು. ಆ ಪತ್ರದ ಮಡಿಕೆಯಲ್ಲೇ ಇತ್ತು ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ. ಅಂಗೈಯಗಲದ ಕಾಗದ. ತಾರೀಖು ಇದೆ, ಸೀಲು ಇದೆ, ‘ಬ್ಲಾಸ್ಟ್ ಇಂಜುರಿ’ ಅನ್ನುವ ಎರಡು ಪದ ಇದೆ. ಅಕ್ಕ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟರು. ಅತ್ತೆಯವರು ತೀರಿಕೊಂಡಾಗ ಮನೆ ಖಾಲಿ ಮಾಡುತ್ತಾ ಈ ಡಬ್ಬವನ್ನು ಗುಜರಿಗೆ ಹಾಕೋಣ ಅಂತ ಮನೆಯಲ್ಲಿ ಅಂದಿದ್ದರಂತೆ. ಅಕ್ಕ ತಡೆದಿದ್ದರು.

ಈಗ ಆ ಎರಡು ಪದಕ್ಕೆ ಲೆಕ್ಕ ಹಾಕೋಣ. ರಕ್ಷಣಾ ಇಲಾಖೆಯ 2001ರ ಜನವರಿ 31ರ ಆದೇಶದಲ್ಲಿ ಸಾವು-ನೋವುಗಳನ್ನು ಎ ಇಂದ ಇ ವರೆಗೆ ಐದು ವರ್ಗ ಮಾಡಿದ್ದಾರೆ. ಎ ಅಂದರೆ ಸೇವೆಗೆ ಸಂಬಂಧವೇ ಇಲ್ಲದ್ದು. ಬಿ ಮತ್ತು ಸಿ ಅಂದರೆ ಸೇವೆಯಿಂದ ಬಂದ ಕಾಯಿಲೆ, ಡ್ಯೂಟಿಯಲ್ಲಾದ ಅಪಘಾತ. ಇವಕ್ಕೆ ಸಿಗುವುದು ಡಿಸೆಬಿಲಿಟಿ ಪೆನ್ಷನ್. ಡಿಯನ್ನು ಇವತ್ತು ಬಿಡೋಣ. ಇ ಅಂದರೆ ಯುದ್ಧ, ಗಡಿ ಚಕಮಕಿ, ಉಗ್ರರ ವಿರುದ್ಧದ ಕಾರ್ಯಾಚರಣೆ, ನೆಲಬಾಂಬು ಹೂಳುವುದು, ತೆಗೆಯುವುದು. ಇದಕ್ಕೆ ಸಿಗುವುದು ವಾರ್ ಇಂಜುರಿ ಪೆನ್ಷನ್. ಶತ್ರುವಿನ ಗುಂಡೇ ತಗುಲಿರಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಕಾರ್ಯಾಚರಣೆಯ ಜಾಗಕ್ಕೆ ಹೋಗುವ ದಾರಿಯಲ್ಲಿ ಉಗ್ರರ ಮೈನು ಸಿಡಿದರೂ ಇ. ನಿಜವಾದ ಮದ್ದುಗುಂಡು ಹಾರಿಸಿ ನಡೆಸುವ ಯುದ್ಧ ತರಬೇತಿಯಲ್ಲಿ ಆದ ಗಾಯವೂ ಇ ವರ್ಗದಲ್ಲೇ ಬರುತ್ತದೆ.

ಕೊನೆಯ ಸಂಬಳ 40,000 ರೂಪಾಯಿ ಅಂತ ಲೆಕ್ಕಕ್ಕೆ ಹಿಡಿಯಿರಿ. ಡಿಸೆಬಿಲಿಟಿ ಎಲಿಮೆಂಟು, ಅಂದರೆ ಪೆನ್ಷನ್ನಿನಲ್ಲಿ ನ್ಯೂನತೆಗೆ ಸಿಗುವ ಭಾಗ, ನೂರು ಪರ್ಸೆಂಟ್ ನ್ಯೂನತೆಗೆ ಸಂಬಳದ 30 ಪರ್ಸೆಂಟ್. ಅಂದರೆ 12,000. ಐವತ್ತು ಪರ್ಸೆಂಟ್ ನ್ಯೂನತೆಗೆ 6,000. ಅದೇ ಗಾಯ ವಾರ್ ಇಂಜುರಿ ಅಂತಾದರೆ, ಸೇವೆ ಮುಗಿಸಿ ಬಂದವರಿಗೆ 60 ಪರ್ಸೆಂಟಿನ ಲೆಕ್ಕ, 24,000ದ ಅರ್ಧ 12,000. ಗಾಯದ ಕಾರಣಕ್ಕೇ ಸೇವೆಯಿಂದ ಮನೆಗೆ ಕಳಿಸಿದ್ದರೆ ಪೂರ್ತಿ ಸಂಬಳದ ಲೆಕ್ಕ, ಅದರ ಅರ್ಧ 20,000. ಇದು ಸರ್ವಿಸ್ ಎಲಿಮೆಂಟು, ಅಂದರೆ ಮಾಡಿದ ಸೇವೆಗೆ ಸಿಗುವ ಭಾಗ, ಬಿಟ್ಟು ತಿಂಗಳಿಗೆ ಬರುವುದು. ಕಿವಿ ಒಂದೇ, ನೋವು ಒಂದೇ. ಕಾಗದದ ಮೇಲಿನ ಪದ ಬೇರೆ.

ಹವಾಲ್ದಾರರದ್ದು 30 ಪರ್ಸೆಂಟ್, ನೀವು ಐವತ್ತರ ಲೆಕ್ಕ ಹೇಳುತ್ತಿದ್ದೀರಲ್ಲ ಅಂತ ಕೇಳಬಹುದು. ಅದೂ ಆ 2001ರ ಆದೇಶದಲ್ಲೇ ಇದೆ. 20ರಿಂದ ಐವತ್ತರೊಳಗೆ ಇದ್ದರೆ 50 ಅಂತ ಹಿಡಿಯಬೇಕು. 50ರಿಂದ 75 ಇದ್ದರೆ 75. ಅದಕ್ಕಿಂತ ಮೇಲಿದ್ದರೆ 100. ಬ್ರಾಡ್ ಬ್ಯಾಂಡಿಂಗ್ ಅನ್ನುತ್ತಾರೆ. ಮೊದಲು ಇದು ಗಾಯದಿಂದ ಹೊರಬಿದ್ದವರಿಗೆ ಮಾತ್ರ ಅಂತಿತ್ತು. 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ಸೇವೆ ಮುಗಿಸಿ ಬಂದವರಿಗೂ ಇದು ಸಲ್ಲಬೇಕು ಅಂತ ಎತ್ತಿಹಿಡಿಯಿತು. ನಿಮ್ಮ ಪೆನ್ಷನ್ ಆದೇಶ ಪತ್ರದಲ್ಲಿ, ಪಿಪಿಓದಲ್ಲಿ, ಇನ್ನೂ 20, 30 ಅಂತಲೇ ಇದ್ದರೆ ಮನೆಗೆ ಹೋದ ಕೂಡಲೇ ತೆಗೆದು ನೋಡಿ.

ಇನ್ನೊಂದು ತೀರ್ಪನ್ನು ನಾನು ಎಲ್ಲರಿಗೂ ಹೇಳುತ್ತೇನೆ, 2013ರ ಧರಂವೀರ್ ಸಿಂಗ್ ಕೇಸು. 1985ರಲ್ಲಿ ಸೇರಿದ ಸಿಪಾಯಿ. 1994ರಲ್ಲಿ ಫಿಟ್ಸ್ ಕಾಯಿಲೆ ಅಂತ ಮನೆಗೆ ಕಳಿಸಿದರು, ಸೇವೆಗೂ ಕಾಯಿಲೆಗೂ ಸಂಬಂಧ ಇಲ್ಲ ಅಂದರು. ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟು: ಭರ್ತಿ ಮಾಡಿಕೊಳ್ಳುವಾಗ ನೀವೇ ತಪಾಸಣೆ ಮಾಡಿ ಆರೋಗ್ಯವಾಗಿದ್ದಾನೆ ಅಂದಿದ್ದೀರಿ. ಆಗ ಯಾವ ಕಾಯಿಲೆಯನ್ನೂ ಬರೆದಿಲ್ಲ. ಹಾಗಾದರೆ ಆಮೇಲೆ ಬಂದದ್ದು ಸೇವೆಯಿಂದಲೇ ಅಂತ ಹಿಡಿಯಬೇಕು. ಅಲ್ಲ ಅನ್ನುವುದಾದರೆ ರುಜುವಾತು ಮಾಡುವ ಹೊಣೆ ಸಿಪಾಯಿಯದ್ದಲ್ಲ, ಸರ್ಕಾರದ್ದು. ಈ ಮಾತನ್ನು ಮೊದಲು ಓದಿದಾಗ ನನಗೆ ಕಣ್ಣಲ್ಲಿ ನೀರು ಬಂತು. ಎಷ್ಟು ಜನರನ್ನು ‘ಪ್ರೂಫ್ ತಗೊಂಡು ಬಾ’ ಅಂತ ಕೌಂಟರಿನಿಂದ ವಾಪಸ್ ಕಳಿಸಿದ್ದನ್ನು ಈ ಕಣ್ಣಿಂದಲೇ ನೋಡಿದ್ದೇನೆ.

ತಡವಾಯಿತು, ಇನ್ನೇನು ಪ್ರಯೋಜನ ಅಂತ ಸುಮ್ನೆ ಕೂರಬೇಡಿ. ಹಾಗಂತ ಇನ್ನೂ ತಡ ಮಾಡಲೂ ಬೇಡಿ. ತರ್ಸೇಮ್ ಸಿಂಗ್ ಅನ್ನುವವರು 1983ರಲ್ಲಿ ಸೈನ್ಯ ಬಿಟ್ಟರು, ಕೋರ್ಟಿಗೆ ಹೋಗಿದ್ದು 1999ರಲ್ಲಿ. ಪೆನ್ಷನ್ ಸಿಕ್ಕಿತು. ಬಾಕಿ ಮಾತ್ರ, ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷದ್ದಕ್ಕಷ್ಟೇ ಅಂತ 2008ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನ ಮಾಡಿತು. ಉಳಿದ ಹದಿಮೂರು ವರ್ಷದ ದುಡ್ಡು ಹೋಯಿತು.

ನ್ಯೂನತೆಯ ಪೆನ್ಷನ್ನಿಗೆ ಹೊಸ ನಿಯಮಗಳು 2023ರ ಸೆಪ್ಟೆಂಬರ್ 21ರಿಂದ ಬಂದಿವೆ. ಅದಕ್ಕಿಂತ ಮೊದಲು ಬಿಟ್ಟವರಿಗೂ ಆಮೇಲೆ ಬಿಟ್ಟವರಿಗೂ ಒಂದೇ ಅಳತೆ ಅಂದುಕೊಳ್ಳಬೇಡಿ. ಅಗ್ನಿವೀರರಾಗಿರುವ ಮಕ್ಕಳ ತಂದೆತಾಯಿ ಇಲ್ಲಿದ್ದರೆ ಒಂದು ಮಾತು. ಅವರಿಗೆ ತಿಂಗಳ ಪೆನ್ಷನ್ ಇಲ್ಲ. ಸೇವೆಯಿಂದ ಆದ ನ್ಯೂನತೆಗೆ 50, 75, 100 ಪರ್ಸೆಂಟಿನ ಮೇಲೆ 15, 25, 44 ಲಕ್ಷ ರೂಪಾಯಿ ಒಂದೇ ಸಲ ಕೊಡುತ್ತಾರೆ. ಇದು ಸಾಲದು ಅನ್ನುವುದು ನನ್ನ ಅಭಿಪ್ರಾಯ. ಇಪ್ಪತ್ತೆರಡರ ಹುಡುಗ ಕಾಲು ಕಳೆದುಕೊಂಡರೆ ಮುಂದೆ ಐವತ್ತು ವರ್ಷ ಬದುಕಬೇಕು.

ಕಾಗದ ಎಲ್ಲಿ ಸಿಗುತ್ತದೆ ಅನ್ನುವುದು ಎಲ್ಲರ ಪ್ರಶ್ನೆ. ಬೆಂಗಳೂರಿನಲ್ಲಿದ್ದೇವೆ, ಇಲ್ಲೇ ಇರುತ್ತದೆ ಅಂದುಕೊಳ್ಳುತ್ತಾರೆ. ಅದು ಇರುವುದು ಅವರವರ ದಳದ ದಾಖಲೆ ಕಚೇರಿಯಲ್ಲಿ, ರೆಕಾರ್ಡ್ ಆಫೀಸಿನಲ್ಲಿ. ಮದ್ರಾಸ್ ಸ್ಯಾಪರ್ಸ್ ಆದರೆ ಹೌದು, ಹಲಸೂರು ಕೆರೆ ಪಕ್ಕದಲ್ಲೇ. ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ. ಆರ್ಟಿಲರಿ ಆದರೆ ನಾಸಿಕ್. ಮದ್ರಾಸ್ ರೆಜಿಮೆಂಟ್ ಆದರೆ ಊಟಿ ಹತ್ತಿರದ ವೆಲ್ಲಿಂಗ್ಟನ್. ನಿಮ್ಮ ರೆಕಾರ್ಡ್ ಆಫೀಸಿಗೆ ಆರ್‌ಟಿಐ ಹಾಕಿ ಮೆಡಿಕಲ್ ಬೋರ್ಡಿನ ಪ್ರತಿ, ಗಾಯದ ರಿಪೋರ್ಟು, ಸೈನ್ಯದ ಒಳವಿಚಾರಣೆ, ಕೋರ್ಟ್ ಆಫ್ ಎನ್‌ಕ್ವೈರಿ, ಆಗಿದ್ದರೆ ಅದರ ಪ್ರತಿ ಕೇಳಿ. ಗಾಯದ ರಿಪೋರ್ಟಿನ ಫಾರಂ ನಂಬರ್ ಐಎಎಫ್‌ವೈ-2006, ಅರ್ಜಿಯಲ್ಲಿ ಹಾಗೇ ಬರೆಯಿರಿ. ಕಾಗದ ಕೈಗೆ ಬಂದಮೇಲೆ ಪೆನ್ಷನ್ನಿಗಾಗಿ ಮೊದಲ ಅಪೀಲು, ಎರಡನೇ ಅಪೀಲು. ಅಲ್ಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2009ರಿಂದ ಕೆಲಸ ಮಾಡುತ್ತಿದೆ. ಚೆನ್ನೈ, ಕೊಚ್ಚಿಯಲ್ಲಿ ಪೀಠಗಳಿವೆ. ಸೈನಿಕರ ಊರಾದ ಬೆಂಗಳೂರಿನಲ್ಲಿ ಒಂದು ಖಾಯಂ ಪೀಠ ಇಲ್ಲದಿರುವುದು ನನಗೆ ಇವತ್ತಿಗೂ ಸಂಕಟ. ಕಾಲಿಲ್ಲದವರು ರಾತ್ರಿ ರೈಲು ಹತ್ತಬೇಕು.

ಹವಾಲ್ದಾರರ ಅಪೀಲು ಹಾಕಿದ್ದೇವೆ, ಇನ್ನೂ ಉತ್ತರ ಬಂದಿಲ್ಲ. ಅವರನ್ನು ಒಪ್ಪಿಸುವುದಕ್ಕೇ ಎರಡು ತಿಂಗಳು ಹಿಡಿಯಿತು. ‘ಉಪ್ಪು ತಿಂದ ಮನೆ ಮೇಲೆ ದೂರು ಕೊಡೋದಾ?’ ಅನ್ನುತ್ತಿದ್ದರು. ಇಲ್ಲಿರುವ ಎಷ್ಟೋ ಜನರ ಮನಸ್ಸಿನಲ್ಲಿ ಇದೇ ಇದೆ ಅಂತ ಗೊತ್ತು. ಅವರಿಗೆ ಉತ್ತರ ಕೊಟ್ಟಿದ್ದು ನಾನಲ್ಲ, ಅಕ್ಕ. ‘ಆ ಉಪ್ಪು ಕೊಟ್ಟ ಮನೆಯವರೇ ಬರೆದಿಟ್ಟ ಕಾನೂನು ಇದು. ಅವರು ಬರೆದಿದ್ದನ್ನೇ ಅವರಿಗೆ ತೋರಿಸ್ತಿದ್ದೀವಿ, ದೂರು ಎಲ್ಲಿ ಬಂತು?’ ಅಂದರು. ಆವತ್ತೇ ಅವರು ಸಹಿ ಹಾಕಿದರು. ಈ ಸಲ ಪೂರ್ತಿ ಓದಿ ಹಾಕಿದರು.

ಮಧ್ಯಾಹ್ನ ಊಟ ಆದಮೇಲೆ ನಾನು ಆ ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿರುತ್ತೇನೆ. ಕಾಗದ ತಂದವರು ಬನ್ನಿ. ಜೆರಾಕ್ಸ್ ಮಾತ್ರ ಕೊಡಿ, ಒರಿಜಿನಲ್ ಯಾರ ಕೈಗೂ ಕೊಡಬೇಡಿ, ನನ್ನ ಕೈಗೂ ಬೇಡ. ಹವಾಲ್ದಾರರೂ ಅಕ್ಕನೂ ಮುಂದಿನ ಸಾಲಿನಲ್ಲೇ ಇದ್ದಾರೆ, ಅಪೀಲು ಹೇಗೆ ಬರೆದೆವು ಅಂತ ಅವರನ್ನೂ ಕೇಳಬಹುದು. ಅವರ ಎಡಗಡೆ ಕೂತು ಮಾತಾಡಿ.