ಡೇಟಾಬೇಸ್ ಅಪ್‌ಗ್ರೇಡ್: ಎನ್‌ಕೋಡಿಂಗ್ ಮತ್ತು ಲೊಕೇಲ್

ಕೇಳುಗರಿಗೆ ನಮಸ್ಕಾರ. ಡೇಟಾಬೇಸನ್ನು ಹೊಸ ಆವೃತ್ತಿಗೆ ಏರಿಸುವಾಗ ಬ್ಯಾಕಪ್, ಡಿಸ್ಕ್ ಜಾಗ ಎಲ್ಲರಿಗೂ ನೆನಪಿರುತ್ತವೆ. ಎನ್‌ಕೋಡಿಂಗ್, ಲೊಕೇಲ್ ನೆನಪಾಗುವುದು ಏನಾದರೂ ಕೆಟ್ಟ ಮೇಲೆಯೇ.

ಅಕ್ಷರವನ್ನು ಯಾವ ಬೈಟುಗಳಾಗಿ ಬರೆದಿಡಬೇಕು ಎಂಬುದು ಎನ್‌ಕೋಡಿಂಗ್. ಯುಟಿಎಫ್-8ರಲ್ಲಿ 'ಕ'ಕ್ಕೆ 3 ಬೈಟು, 'ಕ್ಷ'ಕ್ಕೆ 9, ಇಮೋಜಿಗೆ ಸಾಮಾನ್ಯವಾಗಿ 4. ಯಾವ ಪದ ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವುದು ಕೊಲೇಷನ್. ಅದು ಲೊಕೇಲಿನ, ಅಂದರೆ ಭಾಷೆ-ಪ್ರದೇಶಕ್ಕೆ ತಕ್ಕ ಸೆಟ್ಟಿಂಗ್‌ಗಳ, ಭಾಗ.

ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಹಳೆಯ 'ಯುಟಿಎಫ್8' ಅಂದರೆ 3 ಬೈಟಿನದು ಮಾತ್ರ, ಇಮೋಜಿ ಅದರಲ್ಲಿ ಹಿಡಿಸದು. 8.0ರಿಂದ ಡೀಫಾಲ್ಟ್ 4 ಬೈಟಿನವರೆಗೂ ಹಿಡಿಯುವ 'ಯುಟಿಎಫ್8ಎಂಬಿ4'. ಆದರೆ ಅಪ್‌ಗ್ರೇಡ್ ಆದ ಮಾತ್ರಕ್ಕೆ ಹಳೆಯ ಟೇಬಲ್‌ಗಳು ಬದಲಾಗುವುದಿಲ್ಲ. ಹಳೆಯ ಟೇಬಲನ್ನೂ ಹೊಸದನ್ನೂ ಜಾಯಿನ್ ಮಾಡಿದಾಗ, ಅಂದರೆ ಒಂದೇ ಕ್ವೆರಿಯಲ್ಲಿ ಜೋಡಿಸಿದಾಗ, ಕೊಲೇಷನ್ ಹೊಂದುತ್ತಿಲ್ಲ ಎಂಬ ಎರರ್ ಬರಬಹುದು. ಬಂದರೆ ಒಳ್ಳೆಯದೇ, ಕಣ್ಣಿಗೆ ಬೀಳುವ ತಪ್ಪನ್ನು ತಿದ್ದಬಹುದು.

ಲ್ಯಾಟಿನ್1, ಅಂದರೆ ಅಕ್ಷರಕ್ಕೆ ಒಂದೇ ಬೈಟಿನ ಹಳೆಯ ಎನ್‌ಕೋಡಿಂಗ್, ಎಂದು ಘೋಷಿಸಿದ ಕಾಲಂನೊಳಗೆ ಯುಟಿಎಫ್-8 ಬೈಟುಗಳು ಕೂತಿರುವುದೂ ಉಂಟು. ಒಳಗಿನ ಬೈಟುಗಳನ್ನೇ ತೋರಿಸುವ ಹೆಕ್ಸ್ ಫಂಕ್ಷನ್‌ನಿಂದ ನೋಡಿ: 'ಕ' ಇರಬೇಕಾದ ಕಡೆ ಇ ಸೊನ್ನೆ, ಬಿ ಎರಡು, ಒಂಬತ್ತು ಐದು ಎಂದು ಕಂಡರೆ ವಿಷಯ ಅದೇ. ಅಂಥ ಕಾಲಂ ಅನ್ನು ನೇರವಾಗಿ ಪರಿವರ್ತಿಸಿದರೆ ಒಂದೊಂದು ಬೈಟೂ ಬೇರೆ ಅಕ್ಷರವಾಗಿ, ಪಠ್ಯ ಎರಡು ಸಲ ಎನ್‌ಕೋಡ್ ಆಗುತ್ತದೆ. ಮೊದಲು ಬ್ಲಾಬ್, ಅಂದರೆ ಬರೀ ಬೈಟುಗಳ ಕಾಲಂ, ಮಾಡಿ, ಆಮೇಲೆ ಯುಟಿಎಫ್8ಎಂಬಿ4 ಪಠ್ಯವಾಗಿಸಿ.

ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ತಂತ್ರಾಂಶದಲ್ಲಿ ಹಳೆಯ ಎನ್‌ಕೋಡಿಂಗ್, ವಿಂಗಡಣೆಯ ಲೊಕೇಲ್ ಆದ ಕೊಲೇಟ್, ಅಕ್ಷರ ವರ್ಗೀಕರಣದ ಲೊಕೇಲ್ ಆದ ಸಿಟೈಪ್ ಮೂರನ್ನೂ ಬರೆದಿಟ್ಟುಕೊಂಡು, ಹೊಸ ಕ್ಲಸ್ಟರನ್ನು, ಅಂದರೆ ಡೇಟಾಬೇಸ್‌ಗಳ ಗುಂಪನ್ನು, ಇನಿಟ್‌ಡಿಬಿ ಆದೇಶದಿಂದ ಅದೇ ಸೆಟ್ಟಿಂಗ್‌ನಲ್ಲಿ ಕಟ್ಟಬೇಕು. ಇಲ್ಲದಿದ್ದರೆ ಆವೃತ್ತಿ ಏರಿಸುವ ಸಾಧನವಾದ ಪಿಜಿಅಪ್‌ಗ್ರೇಡ್ ಅಲ್ಲೇ ನಿಲ್ಲುತ್ತದೆ. 16ನೇ ಆವೃತ್ತಿಯಿಂದ ಈ ಸೆಟ್ಟಿಂಗ್ ಹೊಂದಿಸುವ ಕೆಲಸವನ್ನು ಅದೇ ನೋಡಿಕೊಳ್ಳುತ್ತದೆ.

ನಿಜವಾದ ಗಂಡಾಂತರ ಆಪರೇಟಿಂಗ್ ಸಿಸ್ಟಂ ಜೊತೆಗೇ ಬದಲಾದಾಗ. ಪೋಸ್ಟ್‌ಗ್ರೆಸ್ ಪಠ್ಯವನ್ನು ಜೋಡಿಸಲು ಸಾಮಾನ್ಯವಾಗಿ ಲಿನಕ್ಸ್‌ನ ಜಿಲಿಬ್‌ಸಿ ಲೈಬ್ರರಿಯನ್ನು ನಂಬುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28 ವಿಂಗಡಣೆಯ ಕ್ರಮವನ್ನೇ ಬದಲಿಸಿತು. ಅಮೆರಿಕನ್ ಇಂಗ್ಲಿಷ್ ಲೊಕೇಲಿನಲ್ಲಿ '11' ಮತ್ತು '1-1' ಎಂಬೆರಡು ಸಾಲುಗಳನ್ನು ವಿಂಗಡಿಸಿ ನೋಡಿ: ಹಳೆಯದರಲ್ಲಿ '11' ಮೊದಲು, ಹೊಸದರಲ್ಲಿ '1-1' ಮೊದಲು. ಸಾಲುಗಳನ್ನು ಬೇಗ ಹುಡುಕಲು ವಿಂಗಡಿಸಿಟ್ಟ ಪಟ್ಟಿಯಾದ ಇಂಡೆಕ್ಸ್ ಹಳೆಯ ಕ್ರಮದಲ್ಲೇ ಇರುತ್ತದೆ, ಹುಡುಕಾಟ ಮಾತ್ರ ಹೊಸ ಕ್ರಮದಲ್ಲಿ. ಇರುವ ಸಾಲು ಸಿಗದೇ ಹೋಗಬಹುದು; ಯುನಿಕ್ ಇಂಡೆಕ್ಸ್ ಇದ್ದೂ ಅದೇ ಮೌಲ್ಯ ಎರಡನೇ ಸಲ ಒಳಗೆ ಬರಬಹುದು. ಕ್ವೆರಿಗೆ ಎರರ್ ಬರುವುದೇ ಇಲ್ಲ. ಡೆಬಿಯನ್ 9ರಿಂದ 10ಕ್ಕೆ, ರೆಡ್‌ಹ್ಯಾಟ್ 7ರಿಂದ 8ಕ್ಕೆ ಹೋಗುವವರು ದಾಟುವುದು ಈ ಗಡಿಯನ್ನೇ.

ಡಂಪ್ ತೆಗೆದು, ಅಂದರೆ ಡೇಟಾವನ್ನು ಬೇರೆ ಕಡತಕ್ಕೆ ಬರೆದು, ಮರಳಿ ತುಂಬಿದರೆ ಇಂಡೆಕ್ಸ್‌ಗಳು ಹೊಸದಾಗಿ ಕಟ್ಟಿಕೊಳ್ಳುತ್ತವೆ, ಚಿಂತೆಯಿಲ್ಲ. ಡೇಟಾ ಫೈಲುಗಳನ್ನೇ ಒಯ್ದಿದ್ದರೆ ಪಠ್ಯದ ಇಂಡೆಕ್ಸ್‌ಗಳನ್ನು ರೀಇಂಡೆಕ್ಸ್ ಮಾಡಲೇಬೇಕು, ಅಂದರೆ ಮತ್ತೆ ಕಟ್ಟಬೇಕು. ಅಂಕಿಗಳ, ದಿನಾಂಕಗಳ ಇಂಡೆಕ್ಸ್‌ಗಳಿಗೆ, ಬೈಟುಗಳ ಕ್ರಮದಲ್ಲೇ ವಿಂಗಡಿಸುವ ಸಿ ಕೊಲೇಷನ್‌ನವಕ್ಕೆ ಈ ತೊಂದರೆ ತಟ್ಟದು. ಯಾವುದು ಕೆಟ್ಟಿದೆ ಎಂದು ಆಮ್‌ಚೆಕ್ ಎಕ್ಸ್‌ಟೆನ್ಷನ್ ತೋರಿಸಿಕೊಡುತ್ತದೆ. ಯುನಿಕ್ ಇಂಡೆಕ್ಸ್‌ನಲ್ಲಿ ಒಂದೇ ಮೌಲ್ಯದ ಜೋಡಿ ಸಾಲುಗಳು ಆಗಲೇ ನುಸುಳಿದ್ದರೆ ರೀಇಂಡೆಕ್ಸ್ ವಿಫಲವಾಗುತ್ತದೆ. ಮೊದಲು ಅವನ್ನು ಹುಡುಕಿ ತೆಗೆಯಬೇಕು.

15ನೇ ಆವೃತ್ತಿಯಿಂದ ಡೇಟಾಬೇಸಿನ ಕೊಲೇಷನ್ ಆವೃತ್ತಿ ಹೊಂದದಿದ್ದರೆ ಎಚ್ಚರಿಕೆ ಬರುತ್ತದೆ. ಅದನ್ನು ಅಳಿಸುವ 'ರಿಫ್ರೆಶ್ ಕೊಲೇಷನ್ ವರ್ಷನ್' ಆದೇಶವನ್ನು ರೀಇಂಡೆಕ್ಸ್ ಮುಗಿದ ಮೇಲಷ್ಟೇ ಕೊಡಿ. ಮೊದಲೇ ಕೊಟ್ಟರೆ ಎಚ್ಚರಿಕೆ ಹೋಗುತ್ತದೆ, ಕೆಟ್ಟ ಇಂಡೆಕ್ಸ್ ಹಾಗೇ ಉಳಿಯುತ್ತದೆ. ನಮಸ್ಕಾರ.