ಪಿಎಲ್‌ಸಿಗೆ ಬೈಯುವ ಮೊದಲು

ಕೇಳುಗರಿಗೆಲ್ಲ ನಮಸ್ಕಾರ. ಪಿಎಲ್‌ಸಿ ಅಂದರೆ ಪ್ರೋಗ್ರಾಮಬಲ್ ಲಾಜಿಕ್ ಕಂಟ್ರೋಲರ್, ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್. ಹೆಸರು ಉದ್ದ, ಕೆಲಸ ಮಾತ್ರ ಮೂರೇ. ಬಟನ್, ಸೆನ್ಸರ್‌ಗಳಿಂದ ಬರುವ ಇನ್‌ಪುಟ್ ಓದುತ್ತದೆ, ಪ್ರೋಗ್ರಾಂ ನಡೆಸುತ್ತದೆ, ಮೋಟರ್, ದೀಪಗಳಿಗೆ ಔಟ್‌ಪುಟ್ ಕೊಡುತ್ತದೆ. ಮತ್ತೆ ಮೊದಲಿನಿಂದ ಶುರು. ಒಂದು ಸುತ್ತು ಮುಗಿಯಲು ಕೆಲವೇ ಮಿಲಿಸೆಕೆಂಡ್. ಇದಕ್ಕೆ ಸ್ಕ್ಯಾನ್ ಅಂತೀವಿ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ: ಪಿಎಲ್‌ಸಿಗೆ ಕಣ್ಣಿಲ್ಲ. ಸೆನ್ಸರ್ ಹೇಳಿದ್ದೇ ಅದಕ್ಕೆ ವೇದವಾಕ್ಯ.

ಮೊದಲೆಲ್ಲ ಈ ಕೆಲಸ ರಿಲೇಗಳದ್ದು, ಅಂದರೆ ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್‌ಗಳದ್ದು. ಕಾರಿನ ಮಾಡೆಲ್ ಬದಲಾದರೆ ಇಡೀ ಪ್ಯಾನಲ್‌ನ ವೈರಿಂಗ್ ಬಿಚ್ಚಿ ಕಟ್ಟಬೇಕಿತ್ತು. ಬೇಸತ್ತ ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್ 1968ರಲ್ಲಿ ಬೇರೆ ದಾರಿ ಕೇಳಿತು. ಎಂಜಿನಿಯರ್ ಡಿಕ್ ಮಾರ್ಲಿ ತಂಡದ ಮಾಡಿಕಾನ್ 084 ಎಂಬ ಪಿಎಲ್‌ಸಿ ಹುಟ್ಟಿದ್ದು ಹಾಗೆ. ಈಗ ಲಿಫ್ಟ್, ನೀರಿನ ಪಂಪ್, ವಿಮಾನ ನಿಲ್ದಾಣದ ಲಗೇಜ್ ಬೆಲ್ಟ್, ಎಲ್ಲೆಲ್ಲೂ ಪಿಎಲ್‌ಸಿ ಸಿಗುತ್ತದೆ.

ಒಮ್ಮೆ ಬಾಟಲಿ ತುಂಬುವ ಕಾರ್ಖಾನೆಯೊಂದಕ್ಕೆ ಕರೆದಿದ್ದರು. ಬಾಟಲಿ ಸಾಗಿಸುವ ಕನ್ವೇಯರ್ ಬೆಲ್ಟ್ ನಿಂತಿತ್ತು. ‘ಪಿಎಲ್‌ಸಿ ಕೆಟ್ಟಿದೆ’ ಅಂತ ಎಲ್ಲರದೂ ಒಂದೇ ರಾಗ. ನಾನು ಹೋಗುವಷ್ಟರಲ್ಲಿ ಹೊಸದನ್ನೇ ಕೂರಿಸಿ, ಹಳೇ ಪ್ರೋಗ್ರಾಂ ಹಾಕಿಯೂ ಆಗಿತ್ತು. ಆದರೂ ಬೆಲ್ಟ್ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಪಿಎಲ್‌ಸಿ ಮೇಲಿನ ಇನ್‌ಪುಟ್ ದೀಪಗಳನ್ನು ನೋಡಿದೆ. ‘ಮುಂದೆ ಬಾಟಲಿ ಇದೆ, ಬೆಲ್ಟ್ ನಿಲ್ಲಲಿ’ ಎನ್ನುವ ದೀಪ ಉರಿಯುತ್ತಲೇ ಇತ್ತು. ಬೆಲ್ಟ್ ಮೇಲೆ ಒಂದು ಬಾಟಲಿಯೂ ಇರಲಿಲ್ಲ! ಹೋಗಿ ನೋಡಿದರೆ, ಒದ್ದೆ ಲೇಬಲ್ ಒಂದು ಹಾರಿ ಫೋಟೋ ಸೆನ್ಸರ್‌ನ ಗಾಜಿಗೆ ಅಂಟಿಕೊಂಡಿತ್ತು. ಬೆಳಕಿಗೆ ಅಡ್ಡ ಬಂದರೆ ಬಾಟಲಿ, ಅಷ್ಟೇ ಅದರ ಲೆಕ್ಕ. ಪಿಎಲ್‌ಸಿ ಮಾಡಿದ್ದು ಸರಿಯೇ ಅಲ್ವಾ? ಲೇಬಲ್ ಕಿತ್ತೆ, ಬೆಲ್ಟ್ ಓಡಿತು. ಪಾಪದ ಹಳೇ ಪಿಎಲ್‌ಸಿ ಮೂಲೆಯಲ್ಲಿ ಬಿದ್ದಿತ್ತು. ಸುಮ್ನೆ ದುಡ್ಡು ದಂಡ. ಮೊದಲು ದೀಪ ನೋಡಿ, ಸೆನ್ಸರ್ ನೋಡಿ. ಎಷ್ಟು ಸಲ ಹೇಳಿದರೂ ಜನ ಪಿಎಲ್‌ಸಿಗೇ ಕೈ ಹಾಕುತ್ತಾರೆ!

ಸಮಯ ಮುಗೀತಾ ಬಂತು. ಟೈಮರ್, ಕೌಂಟರ್ ವಿಷಯ ಬಿಡೋಣ. ಪ್ರೋಗ್ರಾಂ ಬರೆಯೋದು ಹೆಚ್ಚಾಗಿ ಲ್ಯಾಡರ್ ಎಂಬ, ಏಣಿಯಂತೆ ಕಾಣುವ ಚಿತ್ರಭಾಷೆಯಲ್ಲಿ. ಅದು ರಿಲೇ ನಕ್ಷೆಯ ತರವೇ ಇರುತ್ತದೆ, ಎಲೆಕ್ಟ್ರಿಷಿಯನ್‌ಗಳು ಹೆದರಬೇಕಿಲ್ಲ.

ಕಲಿಯುವವರು ಎರಡು ಬಟನ್, ಒಂದು ದೀಪದಿಂದ ಶುರು ಮಾಡಿ. ಸ್ಟಾರ್ಟ್ ಒತ್ತಿ ಕೈ ಬಿಟ್ಟರೂ ದೀಪ ಉರಿಯುತ್ತಿರಬೇಕು. ಸ್ಟಾಪ್ ಬಟನ್‌ನ ಇನ್‌ಪುಟ್ ಮಾತ್ರ ಒತ್ತದೇ ಇದ್ದಾಗಲೇ ಆನ್ ಇರುವ ಹಾಗೆ ವೈರ್ ಕೊಡಿ. ವೈರ್ ತುಂಡಾದರೆ ಪಿಎಲ್‌ಸಿ ಅದನ್ನೂ ಸ್ಟಾಪ್ ಅಂತಲೇ ತಿಳಿದು ನಿಲ್ಲಿಸುತ್ತದೆ. ಪ್ರೋಗ್ರಾಂ ಬರೆದಾದ ಮೇಲೆ ಆ ವೈರ್ ಕಿತ್ತು ನೋಡಿ. ನಮಸ್ಕಾರ.